ಒಂದು ಕಾಗದಕ್ಕೆ ಹೋದ ರಾಜ್ಯ: ರೋಮಿನ ಸಾಮಂತರಾಗಿದ್ದ ಕೊಮ್ಮಗೆನೆ ದೊರೆಗಳ ಪ್ರಕರಣ

ಕ್ರಿ.ಶ. 72ರಲ್ಲಿ ಸಿರಿಯಾ ಪ್ರಾಂತ್ಯದ ರೋಮನ್ ಗವರ್ನರ್ ಕೈಸೆನ್ನಿಯಸ್ ಪೈಟಸ್ ತನ್ನ ಚಕ್ರವರ್ತಿ ವೆಸ್ಪಾಸಿಯನ್‌ಗೆ ಒಂದು ಕಾಗದ ಬರೆದ. ಪಕ್ಕದ ಕೊಮ್ಮಗೆನೆ ರಾಜ್ಯದ ದೊರೆ ನಾಲ್ಕನೇ ಆಂಟಿಯೋಕಸ್ ಮತ್ತು ಅವನ ಮಗ ಎಪಿಫೇನಸ್, ಪೂರ್ವದಲ್ಲಿ ರೋಮಿನ ದೊಡ್ಡ ಎದುರಾಳಿಯಾಗಿದ್ದ ಪಾರ್ಥಿಯಾದ ರಾಜನ ಜೊತೆ ಒಳಗೊಳಗೇ ಕೈ ಜೋಡಿಸಿದ್ದಾರೆ, ಈಗಲೇ ತಡೆಯದಿದ್ದರೆ ಇಡೀ ಸಾಮ್ರಾಜ್ಯ ಯುದ್ಧಕ್ಕೆ ಬೀಳುತ್ತೆ ಅನ್ನೋದು ಅದರ ಸಾರ. ವಿಚಾರಣೆ ನಡೆಯಲಿಲ್ಲ. ದೊರೆಯನ್ನು ಕರೆಸಿ ಯಾರೂ ಕೇಳಲಿಲ್ಲ. ನಿನಗೆ ಸರಿ ಕಂಡದ್ದು ಮಾಡು ಅಂತ ಚಕ್ರವರ್ತಿ ಒಪ್ಪಿಗೆ ಕೊಟ್ಟ, ಪೈಟಸ್ ಸೈನ್ಯ ನುಗ್ಗಿಸಿದ. ಇನ್ನೂರು ವರ್ಷಕ್ಕಿಂತ ಹಳೆಯ ರಾಜ್ಯ ಅಲ್ಲಿಗೆ ಮುಗಿಯಿತು.

ರೋಮಿನ ಸಾಮಂತ ರಾಜರು ಅಂದ ಕೂಡಲೇ ನಮಗೆ ನೆನಪಾಗೋದು ಯೆಹೂದ್ಯರ ರಾಜ ಹೆರೋದ್, ಇಲ್ಲಾ ಬ್ರಿಟನ್ನಿನ ಸಾಮಂತ ದೊರೆಯ ವಿಧವೆ ಬೌಡಿಕಾ. ಹೆರೋದ್ ಕ್ರೂರಿ, ಬೌಡಿಕಾ ದಂಗೆ ಎದ್ದವಳು. ಇಬ್ಬರ ಕಥೆಯಲ್ಲೂ ದೊಡ್ಡ ನಾಟಕ ಇದೆ. ನನಗೆ ಅದಕ್ಕಿಂತ ಜಾಸ್ತಿ ಕಾಡಿದ ಪ್ರಶ್ನೆ ಬೇರೆ. ದಂಗೆ ಏಳದೆ, ಕೇಳಿದಾಗಲೆಲ್ಲ ಸೈನ್ಯ ಕಳಿಸಿ, ಜೀವಮಾನವಿಡೀ ರೋಮಿಗೆ ನಿಷ್ಠನಾಗಿದ್ದ ಒಬ್ಬ ಸಾಮಂತನಿಗೆ ಕೊನೆಗೆ ಏನು ಸಿಗುತ್ತಿತ್ತು? ಅದಕ್ಕೆ ಕೊಮ್ಮಗೆನೆಯಷ್ಟು ಸ್ಪಷ್ಟ ಉತ್ತರ ಕೊಡುವ ಪ್ರಕರಣ ಇನ್ನೊಂದಿಲ್ಲ. ಕೈಸೇರಿದ ರಾಜ್ಯ ಯಾರ ಸ್ವತ್ತು, ರಾಜ ಅನ್ನೋ ಪದವಿ ಯಾರದ್ದು, ಮನೆತನದ ಗತಿ ಏನು, ಮೂರಕ್ಕೂ ಇಲ್ಲಿ ಬೇರೆ ಬೇರೆ ಉತ್ತರ ಇದೆ.

ಮೊದಲು ಜಾಗ ನೋಡೋಣ. ಇಂದಿನ ಟರ್ಕಿಯ ಆಗ್ನೇಯಕ್ಕೆ, ಅದಿಯಮಾನ್ ಸುತ್ತಮುತ್ತ, ಟಾರಸ್ ಬೆಟ್ಟಗಳಿಗೂ ಯೂಫ್ರೆಟಿಸ್ ನದಿಗೂ ನಡುವೆ ಇದ್ದ ಸಣ್ಣ ರಾಜ್ಯ ಇದು. ರಾಜಧಾನಿ ಸಮೊಸಾಟ, ನದಿಯ ದಂಡೆ ಮೇಲೆಯೇ. ನದಿಯ ಈ ಕಡೆ ರೋಮ್, ಆ ಕಡೆ ಪಾರ್ಥಿಯಾದ ಪ್ರಭಾವಕ್ಕೆ ಒಳಪಟ್ಟ ನಾಡು. ನದಿ ದಾಟೋಕೆ ಇದ್ದ ಸುಲಭದ ಜಾಗಗಳಲ್ಲಿ ಸಮೊಸಾಟವೂ ಒಂದು. ಈ ಒಂದು ಸಂಗತಿಯನ್ನು ನೆನಪಿಟ್ಟುಕೊಳ್ಳಿ. ಮುಂದೆ ನಡೆದದ್ದೆಲ್ಲ ಇದರ ಸುತ್ತಲೇ ತಿರುಗುತ್ತದೆ.

ಕ್ರಿ.ಪೂ. 163ರ ಸುಮಾರಿಗೆ ಟಾಲೆಮಿಯಸ್ ಅನ್ನೋ ಅಧಿಕಾರಿ, ಅಲೆಕ್ಸಾಂಡರನ ನಂತರ ಆ ಭಾಗವನ್ನು ಆಳಿದ ಗ್ರೀಕ್ ಮೂಲದ ಸೆಲ್ಯೂಸಿಡ್ ದೊರೆಗಳಿಂದ ಬಿಡಿಸಿಕೊಂಡು ಈ ರಾಜ್ಯ ಕಟ್ಟಿದ. ಮುಂದೆ ಅದೇ ವಂಶದ ಮಿತ್ರಿಡೇಟಿಸ್ ಕಲ್ಲಿನಿಕಸ್ ಸೆಲ್ಯೂಸಿಡ್ ರಾಜಕುಮಾರಿ ಲಾವೊಡಿಸೆಯನ್ನು ಮದುವೆಯಾದ. ಅವರ ಮಗನೇ ಮೊದಲನೇ ಆಂಟಿಯೋಕಸ್. ನೆಮ್ರುತ್ ಬೆಟ್ಟದ ತುದಿಯಲ್ಲಿ, 2,100 ಮೀಟರ್‌ಗಿಂತ ಎತ್ತರದಲ್ಲಿ, ಕಲ್ಲುಚೂರುಗಳ ದೊಡ್ಡ ಗುಡ್ಡೆ ಹಾಕಿಸಿ ಅದರ ಪಕ್ಕ ದೇವರುಗಳ ಸಾಲಿನಲ್ಲಿ ತನ್ನ ಮೂರ್ತಿಯನ್ನೂ ಕೂರಿಸಿದವನು ಇವನೇ. ಆ ದೊಡ್ಡ ಕಲ್ಲಿನ ತಲೆಗಳ ಫೋಟೊ ನೀವು ಎಲ್ಲಾದರೂ ನೋಡಿರುತ್ತೀರಿ. 1987ರಲ್ಲಿ ಅದು ಯುನೆಸ್ಕೊ ಪಟ್ಟಿಗೆ ಸೇರಿತು. ಅಲ್ಲಿ ತನ್ನ ಪೂರ್ವಿಕರನ್ನೂ ಸಾಲಾಗಿ ಕೆತ್ತಿಸಿದ್ದಾನೆ. ತಂದೆಯ ಕಡೆಯಿಂದ ಪರ್ಷಿಯಾದ ಡೇರಿಯಸ್‌ವರೆಗೆ, ತಾಯಿಯ ಕಡೆಯಿಂದ ಅಲೆಕ್ಸಾಂಡರ್‌ವರೆಗೆ. ಅದೇ ಶಾಸನದಲ್ಲಿ ಅವನು ತನಗೆ ಕೊಟ್ಟುಕೊಂಡ ಬಿರುದುಗಳಲ್ಲಿ ದೇವರು ಅನ್ನೋದೂ ಇದೆ, ರೋಮನ್ನರ ಮಿತ್ರ ಅನ್ನೋದೂ ಇದೆ. ಎರಡನ್ನೂ ಒಂದೇ ಉಸಿರಿನಲ್ಲಿ ಹೇಳಬೇಕಾದ ಸ್ಥಿತಿ ಅವನದು. ಯಾಕಂದರೆ ಅಷ್ಟು ಹೊತ್ತಿಗೆ ರೋಮಿನ ಸೇನಾನಿ ಪಾಂಪೆ ಆ ಸೀಮೆಗೆಲ್ಲ ಬಂದು ಯಾರು ಎಲ್ಲಿ ರಾಜ ಅಂತ ಹಂಚಿ ಹೋಗಿದ್ದ, ಯೂಫ್ರೆಟಿಸ್‌ನ ದೊಡ್ಡ ದಾಟುದಾರಿಯಾದ ಜ್ಯೂಗ್ಮಾ ಆಂಟಿಯೋಕಸನ ಪಾಲಿಗೆ ಬಂದಿದ್ದೇ ಅವನ ಕೈಯಿಂದ.

ಮಿತ್ರ ಅಂದರೆ ಏನು ಅನ್ನೋದು ಬೇಗ ಗೊತ್ತಾಯಿತು. ಕ್ರಿ.ಪೂ. 38ರಲ್ಲಿ ರೋಮಿನ ಸೇನಾನಿ ವೆಂಟಿಡಿಯಸ್ ಸಮೊಸಾಟಕ್ಕೆ ಮುತ್ತಿಗೆ ಹಾಕಿದ, ಪಾರ್ಥಿಯನ್ನರಿಗೆ ಆಸರೆ ಕೊಟ್ಟೆ ಅನ್ನೋ ಕಾರಣ. 1,000 ಟ್ಯಾಲೆಂಟ್ (ಬೆಳ್ಳಿ ಲೆಕ್ಕ ಹಾಕುವ ಆ ಕಾಲದ ಅಳತೆ) ಕೊಡ್ತೀನಿ, ಬಿಟ್ಟುಬಿಡಿ ಅಂದ ಆಂಟಿಯೋಕಸ್. ಅಷ್ಟರಲ್ಲಿ ಮಾರ್ಕ್ ಆಂಟನಿ ತಾನೇ ಬಂದು ಮುತ್ತಿಗೆ ವಹಿಸಿಕೊಂಡ, ಅದು ಎಳೆದಾಡಿ ಕೊನೆಗೆ 300 ಟ್ಯಾಲೆಂಟ್‌ಗೆ ರಾಜಿಯಾಯಿತು. ಮುಂದೆ ಕ್ರಿ.ಪೂ. 29ರಲ್ಲಿ ಎರಡನೇ ಆಂಟಿಯೋಕಸನನ್ನು ರೋಮಿಗೆ ಕರೆಸಿ ಸೆನೆಟ್ ಮುಂದೆ ನಿಲ್ಲಿಸಿ ಮರಣದಂಡನೆ ಕೊಟ್ಟರು. ಅವನ ಅಣ್ಣತಮ್ಮಂದಿರ ಜಗಳದಲ್ಲಿ, ರೋಮಿಗೆ ದೂರು ಒಯ್ಯುತ್ತಿದ್ದ ಸೋದರನ ದೂತನನ್ನು ಕೊಲ್ಲಿಸಿದ್ದ ಅನ್ನೋದು ಆರೋಪ. ಕ್ರಿ.ಪೂ. 20ರಲ್ಲಿ ಅಗಸ್ಟಸ್ ಇನ್ನೂ ಹುಡುಗನಾಗಿದ್ದ ಮಿತ್ರಿಡೇಟಿಸ್ ಒಬ್ಬನನ್ನು ಕೊಮ್ಮಗೆನೆಯ ಪಟ್ಟಕ್ಕೆ ಕೂರಿಸಿದ. ಅಂದರೆ ಮನೆಯೊಳಗಿನ ಕೊಲೆಗೆ ತೀರ್ಪು ಕೊಡೋದೂ ರೋಮೇ, ಮುಂದಿನ ದೊರೆ ಯಾರು ಅಂತ ತೀರ್ಮಾನಿಸೋದೂ ರೋಮೇ.

ಈ ವ್ಯವಸ್ಥೆಯ ಕರಾರು ಎಲ್ಲೂ ಬರೆದಿಟ್ಟಿರಲಿಲ್ಲ. ಎಲ್ಲರಿಗೂ ಗೊತ್ತಿತ್ತು ಅಷ್ಟೆ. ಸಾಮಂತ ತನ್ನ ನಾಡಿನ ಕಂದಾಯ ಎತ್ತಬಹುದು, ನ್ಯಾಯ ತೀರಿಸಬಹುದು, ತನ್ನ ಮುಖದ ತಾಮ್ರದ ನಾಣ್ಯ ಹೊಡೆಸಬಹುದು, ಸ್ವಂತ ಸೈನ್ಯ ಇಟ್ಟುಕೊಳ್ಳಬಹುದು. ಬೇರೆ ದೇಶದ ಜೊತೆ ತಾನೇ ಒಪ್ಪಂದ ಮಾಡಿಕೊಳ್ಳುವ ಹಾಗಿಲ್ಲ. ರೋಮ್ ಯುದ್ಧಕ್ಕೆ ಹೊರಟರೆ ಸೈನ್ಯ ಕಳಿಸಬೇಕು. ಸತ್ತರೆ ಮಗನಿಗೆ ಪಟ್ಟ ತಾನಾಗಿ ಬರೋದಿಲ್ಲ, ಚಕ್ರವರ್ತಿ ಒಪ್ಪಬೇಕು. ರೋಮಿಗೆ ಇದರಲ್ಲಿ ಲಾಭ ಇತ್ತು. ಬೆಟ್ಟಗುಡ್ಡದ ನಾಡನ್ನು, ಭಾಷೆ ಗೊತ್ತಿಲ್ಲದ ಜನರನ್ನು ಆಳುವ ತಾಪತ್ರಯ ಇಲ್ಲದೆ ಗಡಿ ಕಾಯುವ ಕೆಲಸ ಆಗುತ್ತಿತ್ತು.

ಕ್ರಿ.ಶ. 17ರಲ್ಲಿ ಮೂರನೇ ಆಂಟಿಯೋಕಸ್ ತೀರಿಕೊಂಡ. ಆಗ ನಡೆದದ್ದನ್ನು ಇತಿಹಾಸಕಾರ ಜೋಸೆಫಸ್ ದಾಖಲಿಸಿದ್ದಾನೆ, ನನಗೆ ಇಡೀ ಪ್ರಕರಣದಲ್ಲಿ ಬಹಳ ಮುಖ್ಯ ಅನಿಸುವ ಸಾಲು ಅದು. ನಾಡಿನ ಗಣ್ಯರು ನಮ್ಮನ್ನು ರೋಮಿನ ಪ್ರಾಂತ್ಯ ಮಾಡಿಬಿಡಿ ಅಂದರು. ಸಾಮಾನ್ಯ ಜನ ಮಾತ್ರ ನಮಗೆ ನಮ್ಮ ರಾಜರೇ ಇರಲಿ ಅಂದರು. ಯಾಕಿರಬಹುದು? ಪ್ರಾಂತ್ಯವಾದರೆ ಗಣ್ಯರಿಗೆ ದೊರೆಯ ಹಂಗು ತಪ್ಪುತ್ತೆ, ರೋಮನ್ ಪೌರತ್ವ, ಹುದ್ದೆ, ಗವರ್ನರನ ಸಾಮೀಪ್ಯ ಎಲ್ಲ ಸಿಗುವ ದಾರಿ ತೆರೆಯುತ್ತೆ. ಬಡವನಿಗೆ ಬರೋದು ರೋಮನ್ ಜನಗಣತಿ ಮತ್ತು ಅದರ ಬೆನ್ನಿಗೆ ತೆರಿಗೆ. ಈ ಭಯ ಸುಮ್ನೆ ಹುಟ್ಟಿದ್ದಲ್ಲ. ಕ್ರಿ.ಶ. 36ರಲ್ಲಿ ಪಕ್ಕದ ಕಿಲಿಕಿಯಾ ಸೀಮೆಯ ಬೆಟ್ಟದ ಜನರ ಮೇಲೆ ರೋಮನ್ ಮಾದರಿಯ ಗಣತಿ, ತೆರಿಗೆ ಹೇರಲು ಹೋದಾಗ ಅವರು ಟಾರಸ್ ಬೆಟ್ಟ ಹತ್ತಿ ಕೂತರು, ಕೆಳಗಿಳಿಸಲು ಸೈನ್ಯ ಬೇಕಾಯಿತು. 17ರಲ್ಲಿ ಕೊಮ್ಮಗೆನೆಯ ವಿಷಯಕ್ಕೆ ಚಕ್ರವರ್ತಿ ಟೈಬೀರಿಯಸ್ ಗಣ್ಯರ ಮಾತನ್ನೇ ಹಿಡಿದ. ಕೊಮ್ಮಗೆನೆ ಪ್ರಾಂತ್ಯವಾಯಿತು. ಕ್ವಿಂಟಸ್ ಸರ್ವೇಯಸ್ ಅಂತ ಒಬ್ಬ ಅಧಿಕಾರಿ ಬಂದು ಕೂತ. ರಾಜಮನೆತನದವರು ರಾಜ್ಯವಿಲ್ಲದ ರಾಜಮನೆತನವಾಗಿ ಎರಡು ದಶಕ ಕಳೆದರು.

ಇಲ್ಲಿಂದ ನಮ್ಮ ಮುಖ್ಯ ಪಾತ್ರ ಶುರು. ಸತ್ತ ದೊರೆಯ ಮಗ ನಾಲ್ಕನೇ ಆಂಟಿಯೋಕಸ್.

ಕ್ರಿ.ಶ. 38ರಲ್ಲಿ ಚಕ್ರವರ್ತಿ ಕಲಿಗುಲಾ ಇವನಿಗೆ ತಂದೆಯ ರಾಜ್ಯ ವಾಪಸ್ ಕೊಟ್ಟ, ಜೊತೆಗೆ ಕಿಲಿಕಿಯಾ ಕರಾವಳಿಯ ಭಾಗವನ್ನೂ ಸೇರಿಸಿದ. ಅಷ್ಟೇ ಅಲ್ಲ, ವಶಪಡಿಸಿಕೊಂಡ ಖಜಾನೆಯ ಲೆಕ್ಕಕ್ಕೆ 10 ಕೋಟಿ ಸೆಸ್ಟರ್ಸ್ (ರೋಮಿನ ನಾಣ್ಯ) ಹಣವನ್ನೂ ಕೊಟ್ಟ. ಆ ಕಾಲದಲ್ಲಿ ರೋಮಿನ ದೊಡ್ಡ ಸೇನಾದಳವಾದ ಲೀಜನ್‌ನ ಸಾಮಾನ್ಯ ಸೈನಿಕನ ವರ್ಷದ ಸಂಬಳ 900 ಸೆಸ್ಟರ್ಸ್. ಅಂದರೆ 1 ಲಕ್ಷಕ್ಕೂ ಹೆಚ್ಚು ಸೈನಿಕರ ಒಂದು ವರ್ಷದ ಸಂಬಳದಷ್ಟು ದುಡ್ಡು. ಈ ಆಂಟಿಯೋಕಸ್ ಮತ್ತು ಯೆಹೂದ್ಯ ರಾಜ ಮೊದಲನೇ ಅಗ್ರಿಪ್ಪ ಇಬ್ಬರೂ ಕಲಿಗುಲಾನ ಪಕ್ಕದಲ್ಲೇ ಇರುತ್ತಿದ್ದರು, ಚಕ್ರವರ್ತಿಗೆ ದಬ್ಬಾಳಿಕೆ ಕಲಿಸುವ ಮೇಷ್ಟ್ರುಗಳು ಅಂತ ರೋಮಿನ ಜನ ಇವರ ಬಗ್ಗೆ ಆತಂಕ ಪಡುತ್ತಿದ್ದರಂತೆ. ಅಷ್ಟು ಆಪ್ತ. ಆದರೂ ಅದೇ ಕಲಿಗುಲಾ ಕೊಟ್ಟ ರಾಜ್ಯವನ್ನು ತಾನೇ ಕಿತ್ತುಕೊಂಡ. ಕ್ರಿ.ಶ. 41ರಲ್ಲಿ ಕಲಿಗುಲಾನ ಕೊಲೆಯಾಗಿ ಕ್ಲಾಡಿಯಸ್ ಪಟ್ಟಕ್ಕೆ ಬಂದ ಮೇಲೆ ಮತ್ತೆ ವಾಪಸ್ ಸಿಕ್ಕಿತು. ಒಬ್ಬನೇ ಮನುಷ್ಯ ಮೂರು ವರ್ಷದೊಳಗೆ ರಾಜನಾಗಿ, ರಾಜನಲ್ಲದವನಾಗಿ, ಮತ್ತೆ ರಾಜನಾದ. ಈ ಅನುಭವ ಆದವನು ಮುಂದಿನ 30 ವರ್ಷ ಹೇಗೆ ನಡೆದುಕೊಂಡಿರಬೇಕು ಅಂತ ಯೋಚಿಸಿ.

ಅವನ ಹೆಂಡತಿ ಇಯೊಟಾಪೆ, ಅವನ ಸ್ವಂತ ತಂಗಿ. ಹೆಲೆನಿಸ್ಟಿಕ್ ರಾಜಮನೆತನಗಳಲ್ಲಿ ಇಂಥ ಮದುವೆ ಹೊಸದಲ್ಲ, ಈಜಿಪ್ಟಿನ ಟಾಲೆಮಿಗಳೂ ಹೀಗೇ ಮಾಡುತ್ತಿದ್ದರು. ನಾಣ್ಯಗಳ ಮೇಲೆ ಅವಳ ಹೆಸರು, ಮುಖ, ಸೋದರನನ್ನು ಪ್ರೀತಿಸುವವಳು ಅನ್ನೋ ಬಿರುದು ಎಲ್ಲ ಇದೆ. ಕಿಲಿಕಿಯಾ ಕರಾವಳಿಯಲ್ಲಿ ಅವಳ ಹೆಸರಿನಲ್ಲೇ ಒಂದು ಊರು ಕಟ್ಟಿಸಿದ, ಅಲ್ಲೇ ಆಂಟಿಯೋಕಿಯಾ ಅಂತ ತನ್ನ ಹೆಸರಿನದ್ದು ಇನ್ನೊಂದು. ಗಂಡುಮಕ್ಕಳು ಎಪಿಫೇನಸ್ ಮತ್ತು ಕಲ್ಲಿನಿಕಸ್. ಇಬ್ಬರೂ ಕುದುರೆ ಏರಿ ಹೊರಟ ಚಿತ್ರದ ನಾಣ್ಯಗಳು ಸಿಕ್ಕಿವೆ, ದೊರೆಯ ಮಕ್ಕಳು ಅಂತ ಗ್ರೀಕಿನಲ್ಲಿ ಬರೆದಿದೆ. ಕೆಲವು ನಾಣ್ಯಗಳ ಮೇಲೆ ಹಡಗಿನ ಲಂಗರಿನ ಗುರುತಿದೆ. ಅದು ಸೆಲ್ಯೂಸಿಡ್ ವಂಶದ ಹಳೆಯ ಲಾಂಛನ. ಲಾವೊಡಿಸೆ ಅಜ್ಜಿಯ ಕಡೆಯ ರಕ್ತವನ್ನು ಅವರು ಮರೆತಿರಲಿಲ್ಲ.

ಈ ರಾಜಮನೆತನಗಳೆಲ್ಲ ಒಂದಕ್ಕೊಂದು ಬೀಗರು. ಎಪಿಫೇನಸ್‌ಗೆ ಅಗ್ರಿಪ್ಪನ ಮಗಳು ಡ್ರುಸಿಲ್ಲಾಳನ್ನು ಗೊತ್ತು ಮಾಡಿದ್ದರು. ಯೆಹೂದ್ಯರ ಪದ್ಧತಿಯಂತೆ ಅವನು ಸುನ್ನತಿ ಮಾಡಿಸಿಕೊಳ್ಳಬೇಕಿತ್ತು, ಮೊದಲು ಒಪ್ಪಿದವನು ಆಮೇಲೆ ಆಗಲ್ಲ ಅಂದ. ಸಂಬಂಧ ಮುರಿಯಿತು. ಆ ಷರತ್ತಿಗೆ ಒಪ್ಪಿದ, ಸಿರಿಯಾದ ಎಮೆಸಾದ ರಾಜ ಅಜೀಜಸ್ ಅವಳನ್ನು ಮದುವೆಯಾದ. ಈ ಎಮೆಸಾ ಮನೆ ಮುಂದೆ ಇನ್ನೊಮ್ಮೆ ಬರುತ್ತೆ. ಆಂಟಿಯೋಕಸನ ಮಗಳಿಗೂ ತಾಯಿಯ ಹೆಸರೇ, ಇಯೊಟಾಪೆ. ಅವಳನ್ನು ಹೆರೋದನ ವಂಶದ ಅಲೆಕ್ಸಾಂಡರನಿಗೆ ಕೊಟ್ಟರು.

ಸಾಮಂತರು ಎಷ್ಟು ಇಕ್ಕಟ್ಟಿನಲ್ಲಿ ಬದುಕುತ್ತಿದ್ದರು ಅನ್ನೋದಕ್ಕೆ ಒಂದು ಘಟನೆ ಸಾಕು. ಕ್ಲಾಡಿಯಸ್ ಕಾಲದಲ್ಲೇ, ಅಗ್ರಿಪ್ಪ ಟಿಬೇರಿಯಾಸ್ ಪಟ್ಟಣದಲ್ಲಿ ಅಂದರೆ ಗಲಿಲಾಯದ ಸರೋವರದ ದಂಡೆಯ ಊರಿನಲ್ಲಿ ಐವರು ರಾಜರನ್ನು ಅತಿಥಿಗಳಾಗಿ ಕರೆದಿದ್ದ. ಕೊಮ್ಮಗೆನೆಯ ಆಂಟಿಯೋಕಸ್, ಎಮೆಸಾದ ಸಂಪ್ಸಿಗೆರಾಮಸ್, ಸಣ್ಣ ಆರ್ಮೇನಿಯಾದ ಕೋಟಿಸ್, ಪಾಂಟಸ್‌ನ ಪೊಲೆಮೊ, ಕಾಲ್ಕಿಸ್‌ನ ಹೆರೋದ್ (ಅಗ್ರಿಪ್ಪನ ಸೋದರ). ಊಟ, ಉಪಚಾರ, ಮಾತು. ಅಷ್ಟರಲ್ಲಿ ಸಿರಿಯಾದ ಗವರ್ನರ್ ಮಾರ್ಸಸ್ ಬಂದ. ಇಷ್ಟು ಜನ ರಾಜರು ಒಂದೇ ಕಡೆ ಸೇರಿರೋದು ರೋಮಿಗೆ ಒಳ್ಳೆಯದಲ್ಲ ಅನಿಸಿತು ಅವನಿಗೆ. ಒಬ್ಬೊಬ್ಬರ ಹತ್ತಿರವೂ ತನ್ನ ಆಳು ಕಳಿಸಿ ತಕ್ಷಣ ನಿಮ್ಮ ನಿಮ್ಮ ಊರಿಗೆ ಹೊರಡಿ ಅಂತ ಹೇಳಿಸಿದ. ಎಲ್ಲರೂ ಹೊರಟರು. ಕಿರೀಟ ಇಟ್ಟುಕೊಂಡವರು ಐದು ಜನ, ಎಬ್ಬಿಸಿ ಕಳಿಸಿದವನು ಒಬ್ಬ ಅಧಿಕಾರಿ. ಅತಿಥಿಗಳ ಮುಂದೆ ಅಗ್ರಿಪ್ಪನಿಗೆ ಆದ ಅವಮಾನ ಓದುವಾಗ ಇವತ್ತಿಗೂ ಮುಜುಗರವಾಗುತ್ತದೆ.

ಆಂಟಿಯೋಕಸನ ಸೇವೆಯ ಪಟ್ಟಿ ಉದ್ದವಿದೆ. ಕ್ರಿ.ಶ. 52ರಲ್ಲಿ ಕಿಲಿಕಿಯಾದ ಬೆಟ್ಟದ ಜನ ಟ್ರೊಕ್ಸೊಬೊರ್ ಅನ್ನೋ ನಾಯಕನ ಕೆಳಗೆ ದಂಗೆ ಎದ್ದು ಅನೆಮೂರಿಯಂ ಪಟ್ಟಣ ಮುತ್ತಿದರು. ರೋಮಿನ ಅಶ್ವದಳವೇ ಅಲ್ಲಿ ಸೋತಿತು. ಆಂಟಿಯೋಕಸ್ ಜನಸಾಮಾನ್ಯರನ್ನು ಒಲಿಸಿಕೊಂಡು, ನಾಯಕರನ್ನು ಒಡೆದು, ದಂಗೆ ಅಡಗಿಸಿದ. 54ರಲ್ಲಿ ಚಕ್ರವರ್ತಿ ನೀರೊ ಪಾರ್ಥಿಯಾದ ಮೇಲೆ ಸೈನ್ಯ ಸಿದ್ಧ ಮಾಡಿ ಅಂದಾಗ ಮಾಡಿದ, 60ರಲ್ಲಿ ಅದಕ್ಕೆ ಪ್ರತಿಯಾಗಿ ಆರ್ಮೇನಿಯಾದ ಒಂದು ತುಂಡೂ ಸಿಕ್ಕಿತು. 67ರಲ್ಲಿ ಯೆಹೂದ್ಯರ ದಂಗೆ ಅಡಗಿಸಲು, ಆಗಿನ್ನೂ ಸೇನಾಪತಿಯಾಗಿದ್ದ ವೆಸ್ಪಾಸಿಯನ್ ಹೊರಟಾಗ 2,000 ಬಿಲ್ಲುಗಾರರು ಮತ್ತು 1,000 ಕುದುರೆ ಸವಾರರನ್ನು ಕಳಿಸಿದ. 69ರಲ್ಲಿ ನಾಲ್ವರು ಚಕ್ರವರ್ತಿಗಳು ಬಡಿದಾಡಿದ ವರ್ಷ ವೆಸ್ಪಾಸಿಯನ್ ಪರವಾಗಿ ಬೇಗನೆ ನಿಂತವರಲ್ಲಿ ಇವನೂ ಒಬ್ಬ. ಆ ಸಂದರ್ಭದಲ್ಲೇ ಇತಿಹಾಸಕಾರ ಟ್ಯಾಸಿಟಸ್ ಇವನನ್ನು ರೋಮಿನ ಅಧೀನ ರಾಜರಲ್ಲೆಲ್ಲ ಹೆಚ್ಚು ಶ್ರೀಮಂತ ಅಂತ ಕರೆಯೋದು.

ಮಗ ಎಪಿಫೇನಸ್ ಅದೇ ವರ್ಷ ಇಟಲಿಯಲ್ಲಿ ಒಥೊ ಚಕ್ರವರ್ತಿಯ ಪಕ್ಷದಲ್ಲಿ ಹೋರಾಡಿ ಗಾಯಗೊಂಡಿದ್ದ. ಮರುವರ್ಷ, 70ರಲ್ಲಿ, ಜೆರುಸಲೇಮಿನ ಮುತ್ತಿಗೆಗೆ ಬಂದ. ಅವನ ಜೊತೆ ಮ್ಯಾಸಿಡೋನಿಯನ್ನರು ಅಂತ ಕರೆಸಿಕೊಳ್ಳುವ ಹುಡುಗರ ಪಡೆ. ಅವರು ಮ್ಯಾಸಿಡೋನಿಯಾದವರಲ್ಲ, ಆ ನಾಡಿನ ಶೈಲಿಯ ಆಯುಧ, ತರಬೇತಿ ಪಡೆದವರು, ಹೆಚ್ಚಿನವರು ಇಪ್ಪತ್ತರ ಆಸುಪಾಸಿನವರು. ರೋಮನ್ನರು ಗೋಡೆ ಹತ್ತಲು ಇಷ್ಟೊಂದು ಹಿಂದೆಮುಂದೆ ನೋಡೋದು ಯಾಕೆ ಅಂತ ಎಪಿಫೇನಸ್ ಎಲ್ಲರೆದುರು ಆಶ್ಚರ್ಯಪಟ್ಟ. ಸೇನಾಪತಿ ಟೈಟಸ್ ನಕ್ಕು, ಕೆಲಸ ಎಲ್ಲರಿಗೂ ತೆರೆದೇ ಇದೆ ಅಂದ. ಎಪಿಫೇನಸ್ ತನ್ನ ಹುಡುಗರೊಂದಿಗೆ ಗೋಡೆಗೆ ನುಗ್ಗಿದ. ಬಲಶಾಲಿ, ಚುರುಕು, ತಾನು ಬಾಣಗಳಿಂದ ತಪ್ಪಿಸಿಕೊಂಡ. ಕೆಲವರ ಹೊರತು ಉಳಿದ ಹುಡುಗರೆಲ್ಲ ಜಜ್ಜಿಹೋದರು. ದುಡುಕು ಅಂತ ಯಾರು ಬೇಕಾದರೂ ಹೇಳಬಹುದು. ಆದರೆ ರೋಮಿಗಾಗಿ ಇಷ್ಟು ರಕ್ತ ಚೆಲ್ಲಿದ ಕುಟುಂಬದ ಮೇಲೆ ಎರಡೇ ವರ್ಷಕ್ಕೆ ದ್ರೋಹದ ಆರೋಪ ಬಂತು.

72ರ ಆ ದಾಳಿ

ಪೈಟಸ್ ಯಾರು ಅನ್ನೋದು ಇಲ್ಲಿ ಮುಖ್ಯ. ಹತ್ತು ವರ್ಷ ಹಿಂದೆ, ಕ್ರಿ.ಶ. 62ರಲ್ಲಿ, ಆರ್ಮೇನಿಯಾದ ರಾಂಡಿಯಾ ಅನ್ನೋ ಜಾಗದಲ್ಲಿ ಎರಡು ಲೀಜನ್‌ಗಳ ಸಮೇತ ಪಾರ್ಥಿಯನ್ನರಿಗೆ ಶರಣಾಗಿ ರೋಮಿಗೆ ತಲೆ ತಗ್ಗಿಸುವ ಹಾಗೆ ಮಾಡಿದ್ದವನು. ಅವನ ಹೆಂಡತಿ ವೆಸ್ಪಾಸಿಯನ್ ಮನೆತನದವಳು, ಹಾಗಾಗಿ ಹೊಸ ಚಕ್ರವರ್ತಿ ಬಂದ ಮೇಲೆ ಮತ್ತೆ ದೊಡ್ಡ ಹುದ್ದೆ ಸಿಕ್ಕಿತು. ಹೋದ ಮರ್ಯಾದೆ ವಾಪಸ್ ಪಡೆಯೋಕೆ ಒಂದು ಗೆಲುವು ಬೇಕಿತ್ತು ಅಂತ ನಾನು ಊಹಿಸಿದರೆ ತಪ್ಪೇನಿಲ್ಲ.

ಆರನೇ ಲೀಜನ್ ಫೆರಾಟಾ, ಸಹಾಯಕ ಪಡೆಗಳು, ಜೊತೆಗೆ ಇಬ್ಬರು ಸಾಮಂತ ರಾಜರ ಸೈನ್ಯ ಇಟ್ಟುಕೊಂಡು ಪೈಟಸ್ ಕೊಮ್ಮಗೆನೆಗೆ ಹೊಕ್ಕ. ಒಬ್ಬ ಕಾಲ್ಕಿಸ್‌ನ ಅರಿಸ್ಟೊಬುಲಸ್. ಇನ್ನೊಬ್ಬ ಎಮೆಸಾದ ಸೊಹೈಮಸ್, ಡ್ರುಸಿಲ್ಲಾಳನ್ನು ಮದುವೆಯಾಗಿದ್ದ ಅಜೀಜಸನ ತಮ್ಮ. ಜೆರುಸಲೇಮಿನ ಮುತ್ತಿಗೆಯಲ್ಲಿ ಸೊಹೈಮಸನ ಸೈನ್ಯವೂ ಕೊಮ್ಮಗೆನೆಯ ಸೈನ್ಯವೂ ಒಂದೇ ಪಾಳಯದಲ್ಲಿದ್ದವು. ಈಗ ಅವನೇ ಎದುರಾಳಿ. ಅವನಿಗೂ ಬೇರೆ ದಾರಿ ಇರಲಿಲ್ಲ. ಬರಲ್ಲ ಅಂದಿದ್ದರೆ ಮುಂದಿನ ಕಾಗದ ಅವನ ಮೇಲೆಯೇ ಹೋಗುತ್ತಿತ್ತು.

ದಾಳಿಯ ಸುದ್ದಿ ಆಂಟಿಯೋಕಸನಿಗೆ ಮೊದಲೇ ಗೊತ್ತಿರಲಿಲ್ಲ. ಕೋಟೆ ಬಾಗಿಲು ಹಾಕಿಕೊಂಡು ಕೂರಲಿಲ್ಲ. ರೋಮಿನ ಮೇಲೆ ಯುದ್ಧ ಮಾಡುವ ಯೋಚನೆಯೇ ಅವನಿಗಿರಲಿಲ್ಲ. ಹೆಂಡತಿ, ಮಕ್ಕಳನ್ನು ರಥದಲ್ಲಿ ಕೂರಿಸಿಕೊಂಡು ಸಮೊಸಾಟ ಬಿಟ್ಟು ಹೊರಟ, 120 ಸ್ಟೇಡಿಯ ಅಂದರೆ ಸುಮಾರು 22 ಕಿಲೊಮೀಟರ್ ದೂರದ ಬಯಲಿನಲ್ಲಿ ಬಿಡಾರ ಹೂಡಿದ. ಹೀಗೆ ಮಾಡಿದರೆ ತನ್ನ ಮೇಲೆ ಅನುಮಾನ ಉಳಿಯಲ್ಲ ಅಂದುಕೊಂಡನಂತೆ. ಪೈಟಸನ ಆಳುಗಳು ಸಮೊಸಾಟವನ್ನು ಸುಲಭವಾಗಿ ಹಿಡಿದರು. ಉಳಿದ ಸೈನ್ಯದ ಜೊತೆ ಪೈಟಸ್ ದೊರೆಯ ಬೆನ್ನು ಹತ್ತಿದ.

ಆಗಲೂ ಆಂಟಿಯೋಕಸ್ ಕತ್ತಿ ಎತ್ತಲಿಲ್ಲ. ಗಂಡುಮಕ್ಕಳಿಗೆ ಮಾತ್ರ ಅದು ಸಹಿಸಲಾಗಲಿಲ್ಲ. ಎಪಿಫೇನಸ್ ಮತ್ತು ಕಲ್ಲಿನಿಕಸ್ ಇದ್ದ ಸೈನ್ಯ ಕಟ್ಟಿಕೊಂಡು ಇಡೀ ದಿನ ಕಾದಾಡಿದರು, ಸಂಜೆಯವರೆಗೂ ಸೋಲಲಿಲ್ಲ. ಆದರೆ ತಂದೆ ನಿಲ್ಲಲಿಲ್ಲ. ಹೆಂಡತಿ, ಹೆಣ್ಣುಮಕ್ಕಳನ್ನು ಕರೆದುಕೊಂಡು ಕಿಲಿಕಿಯಾಕ್ಕೆ ಓಡಿದ. ದೊರೆಯೇ ಬಿಟ್ಟು ಹೋದ ಮೇಲೆ ಸೈನಿಕರು ಯಾರಿಗಾಗಿ ಹೋರಾಡಬೇಕು? ಅವರು ರೋಮಿನ ಕಡೆಗೆ ಸೇರಿಕೊಂಡರು. ಎಪಿಫೇನಸ್ ಹತ್ತು ಸವಾರರ ಜೊತೆ ಯೂಫ್ರೆಟಿಸ್ ದಾಟಿ ಪಾರ್ಥಿಯಾದ ರಾಜ ವೊಲೊಗೇಸಸ್‌ನ ಹತ್ತಿರ ಹೋದ. ಅಲ್ಲಿ ಅವನನ್ನು ಓಡಿ ಬಂದವನಂತೆ ನೋಡದೆ, ರಾಜಕುಮಾರನಿಗೆ ಸಲ್ಲಬೇಕಾದ ಮರ್ಯಾದೆ ಕೊಟ್ಟರು. ಆಂಟಿಯೋಕಸನನ್ನು ಟಾರ್ಸಸ್‌ನಲ್ಲಿ ಒಬ್ಬ ಸೆಂಚುರಿಯನ್, ಅಂದರೆ ರೋಮನ್ ದಳನಾಯಕ ಹಿಡಿದ, ಕೈಗೆ ಸರಪಳಿ ಹಾಕಿ ರೋಮಿನ ದಾರಿ ಹಿಡಿಸಿದ.

ರೋಮನ್ ಸೈನಿಕರ ಶಾಸನಗಳಲ್ಲಿ ಇದಕ್ಕೆ ಕೊಮ್ಮಗೆನೆ ಯುದ್ಧ ಅಂತಲೇ ಹೆಸರು. ನಡೆದ ದೊಡ್ಡ ಕಾಳಗ ಒಂದೇ ದಿನದ್ದು.

ಆರೋಪ ನಿಜವೇ?

ಜೋಸೆಫಸ್ ಹೇಳೋದೇನೆಂದರೆ ಪೈಟಸ್ ಇದನ್ನು ಸತ್ಯ ಗೊತ್ತಿದ್ದು ಬರೆದನೋ ಆಂಟಿಯೋಕಸನ ಮೇಲಿನ ದ್ವೇಷಕ್ಕೆ ಬರೆದನೋ ಸ್ಪಷ್ಟವಾಗಲಿಲ್ಲ ಅಂತ. ಈ ಮಾತಿನ ತೂಕ ಗಮನಿಸಿ. ಜೋಸೆಫಸ್ ವೆಸ್ಪಾಸಿಯನ್ ಮನೆತನದ ಆಶ್ರಯದಲ್ಲಿ ಬದುಕಿದವನು, ಅವರ ಪರವಾಗಿ ಬರೆದವನು. ಅಂಥವನೇ ಚಕ್ರವರ್ತಿಯ ಗವರ್ನರನ ಮಾತನ್ನು ನಂಬಿದೆ ಅನ್ನಲಿಲ್ಲ.

ಆರೋಪದ ಪರವಾಗಿ ಹೇಳಬಹುದಾದದ್ದು ಒಂದೇ. ಮಗ ಓಡಿದ್ದು ಪಾರ್ಥಿಯಾಕ್ಕೆ, ಅಲ್ಲಿ ಸ್ವಾಗತವೂ ಸಿಕ್ಕಿತು. ಆದರೆ ಸಮೊಸಾಟದಿಂದ ಓಡುವವನು ಇನ್ನೆಲ್ಲಿಗೆ ಹೋಗಬೇಕಿತ್ತು? ಪಶ್ಚಿಮ, ದಕ್ಷಿಣ, ಉತ್ತರ ಎಲ್ಲ ಕಡೆ ರೋಮ್. ನದಿ ದಾಟೋದೊಂದೇ ದಾರಿ. ನಿಜವಾಗಿ ಒಳಸಂಚು ಇದ್ದಿದ್ದರೆ ಪಾರ್ಥಿಯನ್ ಸೈನ್ಯ ನದಿಯ ಆಚೆ ಸಿದ್ಧವಾಗಿ ಇರುತ್ತಿತ್ತು, ಒಬ್ಬ ಸವಾರನೂ ಬರಲಿಲ್ಲ. ದೊರೆಯೂ ಕುಟುಂಬ ಕಟ್ಟಿಕೊಂಡು ಪಾರ್ಥಿಯಾಕ್ಕೆ ಹೋಗುತ್ತಿದ್ದ, ಅವನು ಹೋದದ್ದು ಅದರ ವಿರುದ್ಧ ದಿಕ್ಕಿಗೆ, ರೋಮಿನ ನೆಲದ ಟಾರ್ಸಸ್‌ಗೆ. ಅದೂ ಅಲ್ಲದೆ ಆ ವರ್ಷಗಳಲ್ಲಿ ವೊಲೊಗೇಸಸ್ ಮತ್ತು ವೆಸ್ಪಾಸಿಯನ್ ಸಂಬಂಧ ಚೆನ್ನಾಗಿಯೇ ಇತ್ತು. ಅಂತರ್ಯುದ್ಧದ ಹೊತ್ತಿಗೆ 40,000 ಸವಾರ ಬಿಲ್ಲುಗಾರರನ್ನು ಕಳಿಸ್ತೀನಿ ಅಂತ ವೆಸ್ಪಾಸಿಯನ್‌ಗೆ ಹೇಳಿದ್ದ, ಜೆರುಸಲೇಮ್ ಬಿದ್ದ ಮೇಲೆ ಟೈಟಸ್‌ಗೆ ಜ್ಯೂಗ್ಮಾಕ್ಕೆ ಚಿನ್ನದ ಕಿರೀಟ ಕಳಿಸಿದ್ದ. ಹೀಗಿದ್ದವನು ಮರುವರ್ಷವೇ ಒಂದು ಸಣ್ಣ ರಾಜ್ಯದ ಜೊತೆ ಸೇರಿ ಯುದ್ಧಕ್ಕೆ ನಿಲ್ಲುತ್ತಾನೆ ಅಂತ ನಾನು ನಂಬಲ್ಲ.

ಹಾಗಾದರೆ ರಾಜ್ಯ ಹೋದದ್ದು ಯಾಕೆ? ನಕ್ಷೆ ತೆಗೆದು ನೋಡಿದರೆ ಉತ್ತರ ಕಾಣುತ್ತೆ. ಜೆರುಸಲೇಮ್ ಬಿದ್ದ ಮೇಲೆ 12ನೇ ಲೀಜನ್ ಫುಲ್ಮಿನಾಟಾವನ್ನು ಯೂಫ್ರೆಟಿಸ್ ಕಡೆಯ ಮೆಲಿಟೀನ್‌ಗೆ ಕಳಿಸಿದ್ದರು. ಅದು ಕೊಮ್ಮಗೆನೆಯ ಉತ್ತರಕ್ಕಿದೆ. ದಕ್ಷಿಣಕ್ಕೆ, ಆ ಹೊತ್ತಿಗೆ ರೋಮಿನ ಕೈಯಲ್ಲಿದ್ದ ಜ್ಯೂಗ್ಮಾದಲ್ಲಿ ನಾಲ್ಕನೇ ಲೀಜನ್ ಸ್ಕಿಥಿಕಾ. ಈ ಎರಡರ ನಡುವೆ ನದಿಯ ದಂಡೆಯ ಒಂದು ತುಂಡು ಮಾತ್ರ ರೋಮಿನ ನೇರ ಹಿಡಿತದಲ್ಲಿ ಇರಲಿಲ್ಲ. ಅದೇ ಸಮೊಸಾಟ ಸೀಮೆ. ವೆಸ್ಪಾಸಿಯನ್ ಆ ಇಡೀ ಗಡಿಯನ್ನೇ ಬದಲಿಸುತ್ತಿದ್ದ. ಕಪಡೋಕಿಯಾಕ್ಕೆ ಸೈನ್ಯ ಮತ್ತು ಹಿರಿಯ ಗವರ್ನರನನ್ನು ಕೊಟ್ಟ, ಸಣ್ಣ ಆರ್ಮೇನಿಯಾದ ರಾಜ್ಯವೂ ಇದೇ ಸುಮಾರಿಗೆ ಮುಗಿಯಿತು. ಗಡಿಯನ್ನು ಸಾಮಂತರ ಕೈಯಿಂದ ತೆಗೆದು ಲೀಜನ್‌ಗಳ ಕೈಗೆ ಕೊಡುವ ಯೋಜನೆ ಅದು. ಅದರಲ್ಲಿ ಆಂಟಿಯೋಕಸನಿಗೆ ಕೆಲಸ ಉಳಿದಿರಲಿಲ್ಲ. ಜೊತೆಗೆ ಅಂತರ್ಯುದ್ಧದಿಂದ ರೋಮಿನ ಖಜಾನೆ ಬರಿದಾಗಿತ್ತು, ಈತ ಸಾಮಂತರಲ್ಲೆಲ್ಲ ಶ್ರೀಮಂತ. ಪೈಟಸನ ಕಾಗದ ಈ ಹೊತ್ತಿನಲ್ಲಿ ಬಂತು. ಬಂದಿರದಿದ್ದರೆ ದೊರೆ ಸಾಯುವವರೆಗೆ ಕಾದು ಆಮೇಲೆ ತೆಗೆದುಕೊಳ್ಳುತ್ತಿದ್ದರು ಅನ್ನೋದು ನನ್ನ ಅಭಿಪ್ರಾಯ.

ನನ್ನ ಈ ಅಭಿಪ್ರಾಯಕ್ಕೆ ಬಲ ಕೊಡೋದು ವೆಸ್ಪಾಸಿಯನ್ ಆಮೇಲೆ ಮಾಡಿದ್ದು. ಆಂಟಿಯೋಕಸ್ ರೋಮ್ ತಲುಪುವ ಮೊದಲೇ ಸರಪಳಿ ಬಿಚ್ಚಿಸಿದ. ಸ್ಪಾರ್ಟಾದಲ್ಲಿ ಇರು ಅಂದ, ರಾಜನಂತೆ ಬದುಕಲು ಸಾಕಾಗುವಷ್ಟು ಆದಾಯ ಕೊಟ್ಟ. ತಂದೆಗೆ ಏನಾಗಿದೆಯೋ ಅಂತ ಹೆದರಿದ್ದ ಮಕ್ಕಳಿಗೆ ಈ ಸುದ್ದಿ ತಲುಪಿತು. ವೊಲೊಗೇಸಸ್ ಅವರ ಪರವಾಗಿ ಚಕ್ರವರ್ತಿಗೆ ಬರೆದ. ಅವರನ್ನು ಕರೆತರಲು ಹೋದ ರೋಮನ್ ಅಧಿಕಾರಿ ವೆಲಿಯಸ್ ರೂಫಸ್, ಆಂಟಿಯೋಕಸನ ಮಕ್ಕಳಾದ ಎಪಿಫೇನಸ್ ಮತ್ತು ಕಲ್ಲಿನಿಕಸ್‌ರನ್ನು ಪಾರ್ಥಿಯಾದಿಂದ ಕರೆತಂದ ಅನ್ನೋ ವಿಷಯ ಇಂದಿನ ಲೆಬನಾನಿನ ಬಾಲ್ಬೆಕ್‌ನಲ್ಲಿ ಸಿಕ್ಕ ಶಾಸನದಲ್ಲಿದೆ. ತಂದೆಯೂ ಸ್ಪಾರ್ಟಾದಿಂದ ಬಂದ. ಇಡೀ ಕುಟುಂಬ ರೋಮಿನಲ್ಲಿ ಗೌರವದಿಂದ ಬಾಳಿತು. ಪಾರ್ಥಿಯಾದ ಜೊತೆ ಸೇರಿ ಸಾಮ್ರಾಜ್ಯ ಒಡೆಯಲು ಹೊರಟಿದ್ದ ದ್ರೋಹಿಗೆ ಯಾವ ಚಕ್ರವರ್ತಿಯಾದರೂ ಹೀಗೆ ಪಿಂಚಣಿ ಕೊಡುತ್ತಾನಾ? ಆರೋಪ ಸುಳ್ಳು ಅಂತ ವೆಸ್ಪಾಸಿಯನ್‌ಗೆ ಗೊತ್ತಿತ್ತು, ಕನಿಷ್ಠ ಆಮೇಲಾದರೂ ಗೊತ್ತಾಗಿತ್ತು. ರಾಜ್ಯ ಮಾತ್ರ ವಾಪಸ್ ಕೊಡಲಿಲ್ಲ. ಕೊಡುವ ಮಾತೂ ಬರಲಿಲ್ಲ. ಸಮೊಸಾಟ ತನ್ನ ಹೆಸರಿನ ಹಿಂದೆ ಚಕ್ರವರ್ತಿಯ ಮನೆತನದ ಫ್ಲೇವಿಯಾ ಸೇರಿಸಿಕೊಂಡಿತು, ಅಲ್ಲಿ ಲೀಜನ್ ಬೀಡುಬಿಟ್ಟಿತು.

ಅಳಿಯ ಅಲೆಕ್ಸಾಂಡರ್ ಮತ್ತು ಮಗಳು ಇಯೊಟಾಪೆಗೆ ವೆಸ್ಪಾಸಿಯನ್ ಕಿಲಿಕಿಯಾದ ಒಂದು ಸಣ್ಣ ಸೀಮೆಯ ರಾಜತನ ಕೊಟ್ಟ. ಅಲ್ಲಿ ಗಡಿ ಇರಲಿಲ್ಲ, ಲೀಜನ್‌ಗೆ ಬೇಕಾದ ದಾಟುದಾರಿ ಇರಲಿಲ್ಲ. ರಾಜರು ಇದ್ದರೂ ತೊಂದರೆ ಇಲ್ಲದ ಜಾಗ.

ಮೊಮ್ಮಕ್ಕಳು

ಎಪಿಫೇನಸ್ ಮದುವೆಯಾದದ್ದು ಈಜಿಪ್ಟಿನ ಗವರ್ನರ್ ಆಗಿದ್ದ ಬಾಲ್ಬಿಲ್ಲಸ್‌ನ ಮಗಳು ಕ್ಲಾಡಿಯಾ ಕಾಪಿಟೋಲಿನಾಳನ್ನು. ಅವರ ಮಗಳು ಜೂಲಿಯಾ ಬಾಲ್ಬಿಲ್ಲಾ. ಕ್ರಿ.ಶ. 130ರ ನವೆಂಬರ್‌ನಲ್ಲಿ ಚಕ್ರವರ್ತಿ ಹೇಡ್ರಿಯನ್ ಮತ್ತು ಮಹಾರಾಣಿ ಸಬೀನಾ ಈಜಿಪ್ಟಿನಲ್ಲಿ ಮೆಮ್ನನ್‌ನ ದೊಡ್ಡ ಮೂರ್ತಿ ನೋಡಲು ಹೋದಾಗ ಇವಳೂ ಜೊತೆಗಿದ್ದಳು. ಬೆಳಗಿನ ಬಿಸಿಲಿಗೆ ಆ ಕಲ್ಲು ದನಿ ಮಾಡುತ್ತೆ ಅನ್ನೋ ನಂಬಿಕೆ ಇತ್ತು. ಅವಳ ನಾಲ್ಕು ಪದ್ಯಗಳನ್ನು ಆ ಮೂರ್ತಿಯ ಕಾಲಿನ ಮೇಲೆ ಕೆತ್ತಲಾಗಿದೆ, ಹಳೆಯ ಏಯೋಲಿಕ್ ಗ್ರೀಕಿನಲ್ಲಿ. ಒಂದರಲ್ಲಿ ತನ್ನ ಅಜ್ಜಂದಿರ ಹೆಸರು ಹೇಳುತ್ತಾಳೆ. ಜ್ಞಾನಿ ಬಾಲ್ಬಿಲ್ಲಸ್, ದೊರೆ ಆಂಟಿಯೋಕಸ್. ರಾಜ್ಯ ಹೋಗಿ ಸುಮಾರು 58 ವರ್ಷ ಆಗಿತ್ತು. ಅಜ್ಜ ಅವಳ ಪಾಲಿಗೆ ದೊರೆಯೇ.

ಅವಳ ಅಣ್ಣನೋ ತಮ್ಮನೋ ಆದ ಫಿಲೊಪಾಪೋಸ್ ಅಥೆನ್ಸ್‌ನಲ್ಲಿ ನೆಲೆಸಿದ. ಪೂರ್ತಿ ಹೆಸರು ಗಾಯಸ್ ಜೂಲಿಯಸ್ ಆಂಟಿಯೋಕಸ್ ಎಪಿಫೇನಸ್ ಫಿಲೊಪಾಪೋಸ್. ಅಥೆನ್ಸ್‌ನ ನಾಗರಿಕನಾದ, ಅಲ್ಲಿನ ಆರ್ಕನ್, ಅಂದರೆ ಮುಖ್ಯ ಆಡಳಿತಗಾರನ ಹುದ್ದೆ ನಿಭಾಯಿಸಿದ, ಊರಿಗಾಗಿ ಧಾರಾಳವಾಗಿ ಖರ್ಚು ಮಾಡಿದ. ಟ್ರಾಜನ್ ಚಕ್ರವರ್ತಿ ಅವನನ್ನು ಸೆನೆಟ್‌ಗೆ ಸೇರಿಸಿಕೊಂಡ, ಕ್ರಿ.ಶ. 109ರಲ್ಲಿ ಅವನು ರೋಮಿನ ಕಾನ್ಸಲ್ ಆದ. ಅಜ್ಜನನ್ನು ಸರಪಳಿಯಲ್ಲಿ ಒಯ್ದ ರಾಜ್ಯದಲ್ಲೇ ಮೊಮ್ಮಗನಿಗೆ ಚಕ್ರವರ್ತಿಯ ನಂತರದ ಅತಿ ದೊಡ್ಡ ಗೌರವದ ಹುದ್ದೆ.

ಅವನ ಸಮಾಧಿ ಅಕ್ರೊಪೊಲಿಸ್‌ಗೆ ಎದುರಿನ ಮ್ಯೂಸಸ್ ಬೆಟ್ಟದ ಮೇಲಿದೆ, ಈಗ ಆ ಬೆಟ್ಟಕ್ಕೆ ಅವನದೇ ಹೆಸರು. ಕ್ರಿ.ಶ. 114ರಿಂದ 116ರ ನಡುವೆ ಕಟ್ಟಿದ್ದು. ಅಥೆನ್ಸ್‌ಗೆ ಹೋಗುವವರು ಅಕ್ರೊಪೊಲಿಸ್ ನೋಡಿ ಇಳಿದುಬಿಡಬೇಡಿ, ದಯವಿಟ್ಟು ಇದನ್ನೂ ಹತ್ತಿ ನೋಡಿ. ಮೇಲಿನ ಸಾಲಿನಲ್ಲಿ ನಡುವೆ ಫಿಲೊಪಾಪೋಸ್ ಕೂತಿದ್ದಾನೆ. ಒಂದು ಪಕ್ಕದಲ್ಲಿ ಅಜ್ಜ ನಾಲ್ಕನೇ ಆಂಟಿಯೋಕಸ್. ಇನ್ನೊಂದು ಪಕ್ಕದಲ್ಲಿ ಸೆಲ್ಯೂಸಿಡ್ ವಂಶದ ಮೂಲಪುರುಷ ಸೆಲ್ಯೂಕಸ್ ನಿಕೇಟರ್ ಇದ್ದ, ಆ ಭಾಗ ಬಿದ್ದುಹೋಗಿದೆ. 15ನೇ ಶತಮಾನದಲ್ಲಿ ಅಲ್ಲಿಗೆ ಹೋಗಿದ್ದ ಅಂಕೋನಾದ ಸಿರಿಯಾಕಸ್ ಶಾಸನಗಳನ್ನು ಬರೆದಿಟ್ಟುಕೊಂಡಿದ್ದರಿಂದ ನಮಗೆ ಗೊತ್ತು. ಕೆಳಗಿನ ಸಾಲಿನಲ್ಲಿ ಫಿಲೊಪಾಪೋಸ್ ಕಾನ್ಸಲ್ ಆಗಿ ರಥದಲ್ಲಿ ಹೊರಟ ಮೆರವಣಿಗೆ, ಮುಂದೆ ದಂಡ ಹಿಡಿದ ರೋಮನ್ ಭಟರು. ಲ್ಯಾಟಿನ್ ಶಾಸನದಲ್ಲಿ ಅವನು ಕಾನ್ಸಲ್, ಟ್ರಾಜನ್ ಮೆಚ್ಚಿ ಸೆನೆಟ್‌ಗೆ ಸೇರಿಸಿದವನು. ಗ್ರೀಕ್ ಶಾಸನದಲ್ಲಿ ಮಾತ್ರ ರಾಜ ಆಂಟಿಯೋಕಸ್ ಫಿಲೊಪಾಪೋಸ್, ರಾಜ ಎಪಿಫೇನಸನ ಮಗ.

ಎಪಿಫೇನಸ್ ಒಂದು ದಿನವೂ ಸ್ವತಂತ್ರವಾಗಿ ಪಟ್ಟದಲ್ಲಿ ಕೂತವನಲ್ಲ, ಫಿಲೊಪಾಪೋಸ್‌ಗಂತೂ ಆಳಲು ಒಂದು ಹಳ್ಳಿಯೂ ಇರಲಿಲ್ಲ. ಹಾಗಂತ ಇದನ್ನು ಒಣ ಬಡಾಯಿ ಅಂತ ತಳ್ಳಿಹಾಕಲು ನನಗೆ ಮನಸ್ಸು ಬರಲ್ಲ. ನೆಲವನ್ನು ರೋಮ್ ಕೊಟ್ಟಿತ್ತು, ರೋಮೇ ಕಿತ್ತುಕೊಂಡಿತು. ಹೆಸರು ಮಾತ್ರ ಅವರದ್ದಾಗಿತ್ತು. ಅದನ್ನು ಬಳಸಲು ರೋಮ್ ಅಡ್ಡಿ ಮಾಡಲಿಲ್ಲ, ಯಾಕಂದರೆ ಆ ಹೆಸರಿನ ಹಿಂದೆ ಈಗ ಬಿಲ್ಲುಗಾರರೂ ಇಲ್ಲ, ನದಿ ದಾಟುವ ದಾರಿಯೂ ಇಲ್ಲ. ರೋಮಿನ ಮೆರವಣಿಗೆಯನ್ನು ಕೆಳಗೆ, ಅಜ್ಜನನ್ನು ಮೇಲೆ ಕೆತ್ತಿಸಿದ್ದಾನೆ ಫಿಲೊಪಾಪೋಸ್. ದ್ರೋಹಿ ಅಂತ ಕಾಗದದಲ್ಲಿ ಬರೆಸಿಕೊಂಡ ಮುದುಕನನ್ನು ಅಥೆನ್ಸ್‌ನ ಪ್ರತಿಯೊಬ್ಬನೂ ತಲೆ ಎತ್ತಿ ನೋಡುವ ಹಾಗೆ, ದೊರೆ ಅನ್ನೋ ಹೆಸರಿನ ಜೊತೆಗೇ ಕೂರಿಸಿದ. ಮೊಮ್ಮಗ ಸರಿಯಾದದ್ದನ್ನೇ ಮಾಡಿದ ಅಂತ ನನಗನಿಸುತ್ತದೆ.